ತಟ್ಟೆಗೆ ಬಾಯಿ ಹಾಕುವ, ಗುರ್ ಅನ್ನುವ ನಾಯಿಗೆ ಮೈಸೂರಿನಲ್ಲಿ ಸಿಕ್ಕ ಒಳ್ಳೆಯ ಟ್ರೈನರ್

ಮೊದಲೇ ಹೇಳಿಬಿಡುತ್ತೇನೆ, ಈ ಟ್ರೈನರ್‌ಗೆ ಕೊಟ್ಟ ದುಡ್ಡಿನಲ್ಲಿ ಒಂದು ರೂಪಾಯಿಯೂ ದಂಡ ಆಗಿಲ್ಲ. ಅವರು ಮನೆಗೇ ಬರುತ್ತಾರೆ. ಹೊಡೆಯುವುದಿಲ್ಲ, ಬೈಯುವುದಿಲ್ಲ, ಕತ್ತು ಬಿಗಿಯುವ ಚೈನು ಹಾಕುವುದಿಲ್ಲ. ಮೈಸೂರಿನಲ್ಲಿ ನಾಯಿ ಸಾಕಿರುವ ಎಷ್ಟೋ ಮನೆಗಳಲ್ಲಿ ಇದೇ ತೊಂದರೆ ಇದೆ ಅಂತ ನನಗೆ ಗೊತ್ತು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಗುಂಡ ನಾಲ್ಕು ವರ್ಷದ ಲ್ಯಾಬ್ರಡಾರ್. ಮನೆ ರಾಮಕೃಷ್ಣನಗರದಲ್ಲಿ. ಅತ್ತೆ, ಮಾವ, ನಾವಿಬ್ಬರು, ಒಂದನೇ ಕ್ಲಾಸಿನ ಮಗಳು. ಟೇಬಲ್ ಮೇಲಿಂದ ಚಪಾತಿ ಎಳೆಯುವುದು ಮರಿಯಾಗಿದ್ದಾಗಿನಿಂದ ಇತ್ತು, ಎಲ್ಲರೂ ನಗುತ್ತಿದ್ದರು. ಆಮೇಲೆ ಕದ್ದದ್ದನ್ನು ಸೋಫಾ ಹಿಂದಿನ ಮೂಲೆಗೆ ಒಯ್ದು, ಯಾರು ಹತ್ತಿರ ಹೋದರೂ ಗುರ್ ಅನ್ನಲು ಶುರು ಮಾಡಿದ. ಮಗಳು ಅವನ ಕುತ್ತಿಗೆ ತಬ್ಬಿಕೊಂಡಾಗಲೂ ಒಂದು ಸಲ ಗುರ್ ಅಂದ. ಅವತ್ತಿನಿಂದ ನಗು ನಿಂತಿತು. ಮಾವ "ಎರಡು ಬಿಗೀರಿ, ಸರಿಹೋಗ್ತಾನೆ" ಅಂದರು. ಪಕ್ಕದ ಮನೆಯವರು "ಮಕ್ಕಳಿರೋ ಮನೆ, ಯಾರಿಗಾದ್ರೂ ಕೊಟ್ಬಿಡಿ" ಅಂದರು. ಎರಡಕ್ಕೂ ನನ್ನ ಮನಸ್ಸು ಒಪ್ಪಲಿಲ್ಲ.

ಈ ಟ್ರೈನರ್‌ಗಿಂತ ಮುಂಚೆ ಊರಾಚೆ ಇರುವ, ನಾಯಿಗಳಿಗೆ ಕಲಿಸುವ ಒಂದು ಜಾಗಕ್ಕೆ ಹೋಗಿ ನೋಡಿ ಬಂದಿದ್ದೆವು. ನಾಯಿಯನ್ನು ಅಲ್ಲೇ ಬಿಟ್ಟು ಬರಬೇಕಂತೆ, ತಿಂಗಳಾದ ಮೇಲೆ 'ರೆಡಿ' ಮಾಡಿ ಕೊಡುತ್ತಾರಂತೆ. ಹೇಗೆ ಕಲಿಸುತ್ತೀರಿ ಅಂತ ಕೇಳಿದರೆ ಸರಿಯಾದ ಉತ್ತರ ಇಲ್ಲ. ಕಲಿಸುವಾಗ ನೋಡಬಹುದಾ ಅಂದರೆ ಆಗಲ್ಲ ಅಂದರು. ಕಟ್ಟಿಹಾಕಿದ್ದ ಒಂದು ಶೆಫರ್ಡ್ ನಾಯಿ, ಅಲ್ಲಿದ್ದ ಕೆಲಸದ ಹುಡುಗ ಕೈ ಎತ್ತಿದ ಕೂಡಲೇ ನೆಲಕ್ಕೆ ಅಂಟಿಕೊಂಡಿತು. ಅದನ್ನು ನೋಡಿದ ಮೇಲೆ ಗುಂಡನನ್ನು ಅಲ್ಲಿ ಬಿಡುವ ಮಾತೇ ಇರಲಿಲ್ಲ.

ಈ ಟ್ರೈನರ್ ಮೇಡಂ ಬಗ್ಗೆ ಹೇಳಿದ್ದು ನಮ್ಮ ವೆಟ್, ಅಂದರೆ ಗುಂಡನ ಡಾಕ್ಟರ್. ಫೋನ್ ಮಾಡಿದಾಗ ಮೇಡಂ ಕೇಳಿದ ಮೊದಲ ಪ್ರಶ್ನೆ, ಗುರ್ ಶುರುವಾದ ಮೇಲೆ ಡಾಕ್ಟರಿಗೆ ಪೂರ್ತಿ ತೋರಿಸಿದ್ದೀರಾ ಅಂತ. ಲಸಿಕೆಗೆ ಹೋದಾಗ ನೋಡಿದ್ದಾರೆ ಅಂದರೆ ಒಪ್ಪಲಿಲ್ಲ. ಕಿವಿ, ಹಲ್ಲು, ಸೊಂಟ ಮೂರನ್ನೂ ನೋಡಿಸಿ, ಆಮೇಲೆ ಬರುತ್ತೇನೆ ಅಂದರು. ನೋಡಿಸಿದರೆ ಎಡಗಿವಿಯೊಳಗೆ ಸೋಂಕು! ಲ್ಯಾಬ್ರಡಾರ್ ಕಿವಿ ಜೋತುಬಿದ್ದಿರುತ್ತದೆ, ಮಳೆಗಾಲದಲ್ಲಿ ಒಳಗೆ ತೇವ ನಿಂತು ಹೀಗೆ ಆಗುವುದು ಜಾಸ್ತಿಯಂತೆ. ಮಗಳು ತಬ್ಬಿಕೊಂಡಿದ್ದು ಅದೇ ಕಡೆಯಿಂದ. ಕಿವಿಗೆ ಡ್ರಾಪ್ಸ್ ಹಾಕಿ ವಾಸಿಯಾದ ಮೇಲೆ ಮುಟ್ಟಿದರೆ ಗುರ್ ಅನ್ನುವುದು ಪೂರ್ತಿ ಹೋಯಿತು. ದುಡ್ಡು ತೆಗೆದುಕೊಳ್ಳುವ ಮುಂಚೆಯೇ ಅರ್ಧ ಸಮಸ್ಯೆ ಬಗೆಹರಿಸಿಕೊಟ್ಟವರು ಇವರು. ನನಗೆ ನಂಬಿಕೆ ಬಂದಿದ್ದು ಅಲ್ಲೇ.

ಊಟದ ವಿಷಯದ ಗುರ್ ಮಾತ್ರ ಹಾಗೇ ಉಳಿಯಿತು.

ಮೊದಲ ದಿನ ಮನೆಗೆ ಬಂದವರು ಗುಂಡನನ್ನು ಮುಟ್ಟಲೂ ಇಲ್ಲ. ಹಾಲ್‌ನಲ್ಲಿ ಕೂತು ನಾವು ಅಡುಗೆಮನೆಗೂ ಟೇಬಲಿಗೂ ಓಡಾಡುವುದನ್ನು ಸುಮ್ನೆ ನೋಡಿದರು. ಯಾರು ಎಲ್ಲಿ ಕೂತು ತಿನ್ನುತ್ತಾರೆ, ಕಸದ ಬುಟ್ಟಿ ಎಲ್ಲಿದೆ, ಮಾವ ಕಾಫಿ ಜೊತೆ ಬಿಸ್ಕತ್ತು ಇಟ್ಟುಕೊಳ್ಳುವ ಸ್ಟೂಲ್ ಎಷ್ಟು ಎತ್ತರ, ಎಲ್ಲ ಬರೆದುಕೊಂಡರು. ಆಮೇಲೆ ಹೇಳಿದ್ದು ಇಷ್ಟು. ನಾಯಿಗೆ ಕಳ್ಳತನ ಅನ್ನುವುದೇ ಗೊತ್ತಿಲ್ಲ, ಕೈಗೆಟುಕುವಷ್ಟರಲ್ಲಿ ಊಟ ಇದೆ, ತಿನ್ನುತ್ತದೆ. ಹತ್ತು ಸಲ ಟೇಬಲ್ ಮೂಸಿ ಒಂದು ಸಲ ಸಿಕ್ಕಿದರೂ ಸಾಕು, ಹನ್ನೊಂದನೇ ಸಲ ಖಂಡಿತ ಬರುತ್ತದೆ. ಹಾಗಾಗಿ ಮೊದಲ ಕೆಲಸ ಆ ಒಂದು ಸಲವೂ ಸಿಗದ ಹಾಗೆ ಮಾಡುವುದು. ಬುಟ್ಟಿಗೆ ಮುಚ್ಚಳ ಬಂತು, ಅದೂ ಸಿಂಕ್ ಕೆಳಗಿನ ಬಾಗಿಲ ಹಿಂದೆ. ಸ್ಟೂಲ್ ಹೋಯಿತು. ಅಡುಗೆಮನೆ ಬಾಗಿಲಿಗೆ ಸೊಂಟದೆತ್ತರದ ಗೇಟ್ ಹಾಕಿಸಿದೆವು.

ಲ್ಯಾಬ್ರಡಾರ್‌ಗಳ ಹೊಟ್ಟೆಬಾಕತನದ ಬಗ್ಗೆಯೂ ಒಂದು ವಿಷಯ ಹೇಳಿದರು. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಈ ತಳಿಯಲ್ಲಿ ಪಿಒಎಂಸಿ ಅನ್ನುವ ಜೀನ್‌ನ ಒಂದು ತುಣುಕು ಕೆಲವು ನಾಯಿಗಳಲ್ಲಿ ಇಲ್ಲದಿರುವುದನ್ನು ಕಂಡುಹಿಡಿದರು. ಅವರು ನೋಡಿದ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹೀಗಿತ್ತು. ಅಂಥ ನಾಯಿಗಳಿಗೆ ತೂಕವೂ ಜಾಸ್ತಿ, ಊಟದ ಆಸೆಯೂ ಜಾಸ್ತಿ. ಗುಂಡನಿಗೆ ಆ ಪರೀಕ್ಷೆ ಮಾಡಿಸಿಲ್ಲ. ಆದರೆ ಇದನ್ನು ಕೇಳಿದ ಮೇಲೆ ಮಾವ "ಕೊಬ್ಬು ಅವನಿಗೆ" ಅನ್ನುವುದನ್ನು ಬಿಟ್ಟರು.

ಈಗ ಮುಖ್ಯ ವಿಷಯ. ಗುರ್ ಅಂದಾಗ ಹೊಡೆಯಬೇಡಿ, ಬೈಯಲೂ ಬೇಡಿ ಅಂತ ಮೇಡಂ ಗಟ್ಟಿಯಾಗಿ ಹೇಳಿದರು. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. "ಹತ್ತಿರ ಬರಬೇಡ, ನನಗೆ ಭಯ ಆಗ್ತಿದೆ" ಅಂತ. ಹೊಡೆದರೆ ಆ ಸದ್ದು ನಿಲ್ಲಬಹುದು, ಒಳಗಿನ ಭಯ ನಿಲ್ಲಲ್ಲ. ಮುಂದಿನ ಸಲ ಸದ್ದಿಲ್ಲದೆ ನೇರ ಕಚ್ಚಬಹುದು. ಗುರ್‌ಗಿಂತ ಮುಂಚೆಯೇ ಬೇರೆ ಗುರುತುಗಳಿವೆ, ಅವನ್ನು ನೋಡಲು ಕಲಿಸಿದರು. ಮೈ ಬಿಗಿಯಾಗುತ್ತದೆ. ತಲೆ ಊಟದ ಮೇಲೆ ಬಗ್ಗುತ್ತದೆ, ತಿನ್ನುವ ವೇಗ ಹೆಚ್ಚುತ್ತದೆ. ತಲೆ ತಿರುಗಿಸದೆ ಕಣ್ಣು ಮಾತ್ರ ಹೊರಳಿಸಿ ನೋಡುತ್ತದೆ, ಆಗ ಕಣ್ಣಿನ ಬಿಳಿ ಕಾಣುತ್ತದೆ. ಗುಂಡ ಇದೆಲ್ಲವನ್ನೂ ಮಾಡುತ್ತಾನೆ. ಈಗ ನನ್ನ ಮಗಳಿಗೂ ಅದು ದೂರದಿಂದಲೇ ಗೊತ್ತಾಗುತ್ತದೆ.

ಅವತ್ತು ಅವರ ಎದುರಿಗೇ ಗುಂಡ ಒಂದು ಪೂರಿ ಎಗರಿಸಿಕೊಂಡು ಸೋಫಾ ಹಿಂದೆ ಹೋದ. ಮೇಡಂ ಅಟ್ಟಿಸಿಕೊಂಡು ಹೋಗಲಿಲ್ಲ. ಪನೀರ್ ತುಂಡುಗಳನ್ನು ಹಿಡಿದು ಸಾಕಷ್ಟು ದೂರದಲ್ಲೇ ನಿಂತರು. ಒಂದು ತುಂಡು ಅವನ ಮೂತಿಯ ಹತ್ತಿರ ಬೀಳುವ ಹಾಗೆ ಎಸೆದರು. ತಿಂದ. ಇನ್ನೊಂದು ಒಂದಡಿ ಈಚೆಗೆ. ಪೂರಿ ನೋಡಿದ, ಪನೀರ್ ನೋಡಿದ, ಪೂರಿಯನ್ನು ಅಲ್ಲೇ ಬಿಟ್ಟು ಬಂದ. ಮೂರನೆಯದು ಹಾಲ್‌ನ ಆ ತುದಿಗೆ. ಅವನು ಅಲ್ಲಿಗೆ ಹೋಗುವಷ್ಟರಲ್ಲಿ ನಮ್ಮವರು ಪೂರಿ ಎತ್ತಿಕೊಂಡರು. ಜಗಳ ಇಲ್ಲ, ಗುರ್ ಇಲ್ಲ. ಅತ್ತೆಗೆ ಮಾತ್ರ ಸಮಾಧಾನ ಆಗಲಿಲ್ಲ. "ಏನಮ್ಮಾ ಇದು, ಕದ್ದಿದ್ದಕ್ಕೆ ಪನೀರ್ ಕೊಡೋದಾ?" ಅಂದರು. "ಕದ್ದಿದ್ದಕ್ಕಲ್ಲ ಅಮ್ಮಾ, ಬಿಟ್ಟಿದ್ದಕ್ಕೆ" ಅಂದರು ಮೇಡಂ.

ಆಮೇಲೆ ಅದನ್ನೇ ಪಾಠದ ಹಾಗೆ ಅಭ್ಯಾಸ ಮಾಡಿಸಿದರು. ಕದ್ದ ವಸ್ತುವಿನಿಂದಲ್ಲ, ಅವನಿಗೆ ಅಷ್ಟೇನೂ ಆಸೆ ಇಲ್ಲದ ಆಟಿಕೆಯಿಂದ ಶುರು. "ಬಿಡು" ಅನ್ನುವುದು, ಬಿಟ್ಟ ತಕ್ಷಣ ಒಳ್ಳೆಯದೊಂದು ಕೊಡುವುದು, ಆಟಿಕೆಯನ್ನೂ ವಾಪಸ್ ಕೊಡುವುದು. ಈ ವಾಪಸ್ ಕೊಡುವುದೇ ದೊಡ್ಡ ವಿಷಯ. ಬಿಟ್ಟರೆ ಎಲ್ಲ ಹೋಯಿತು ಅಂತ ಅವನಿಗೆ ಅನಿಸಬಾರದಲ್ವಾ? ಊಟದ ಬಟ್ಟಲಿನ ಹತ್ತಿರವೂ ಹಾಗೇ. ಅವನು ತಿನ್ನುವಾಗ, ಅವನ ಮೈ ಬಿಗಿಯಾಗದಷ್ಟು ದೂರದಲ್ಲಿ ನಡೆದುಹೋಗುತ್ತಾ ಬಟ್ಟಲಲ್ಲಿ ಇರುವುದಕ್ಕಿಂತ ರುಚಿಯಾದ ಒಂದು ತುಂಡು ಎಸೆದು ಮುಂದೆ ಹೋಗಬೇಕು. ನಿಲ್ಲಬಾರದು, ಬಗ್ಗಬಾರದು, ಬಟ್ಟಲಿಗೆ ಕೈ ಹಾಕಬಾರದು. ದಿನ ಕಳೆದ ಹಾಗೆ ದೂರ ಕಮ್ಮಿ ಮಾಡುತ್ತಾ ಬಂದೆವು. ಈಗ ಯಾರಾದರೂ ಹತ್ತಿರ ಬಂದರೆ ಗುಂಡ ತಲೆ ಎತ್ತಿ ಬಾಲ ಆಡಿಸುತ್ತಾನೆ, ಏನೋ ಬರುತ್ತದೆ ಅಂತ. ಇದೆಲ್ಲ ದೊಡ್ಡವರು ಮಾತ್ರ ಮಾಡಬೇಕು. ಅವನು ತಿನ್ನುವಾಗ ಮಗಳು ಹತ್ತಿರ ಹೋಗುವ ಹಾಗೇ ಇಲ್ಲ, ಎಷ್ಟೇ ಸರಿಹೋದರೂ.

ನಮ್ಮ ಬೀದಿಯಲ್ಲೇ ಒಬ್ಬರು "ನೀವೇ ಯಜಮಾನ ಅಂತ ತೋರಿಸ್ಬೇಕು, ತಿನ್ನೋವಾಗ ಬಟ್ಟಲು ಕಿತ್ಕೊಳ್ಳಿ" ಅಂತ ಹೇಳುತ್ತಿದ್ದರು. ಇದನ್ನು ಕೇಳಿದಾಗ ಮೇಡಂಗೆ ನಿಜವಾಗಿ ಬೇಜಾರಾಯಿತು. ಈ ಯಜಮಾನಿಕೆಯ ಮಾತಿಗೆ ಮೂಲ 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದ ತೋಳಗಳ ಅಧ್ಯಯನವಂತೆ. ಅವು ಬೇಲಿಯೊಳಗೆ ಕೂಡಿಹಾಕಿದ್ದ ತೋಳಗಳು. ಇದೇ ವಿಚಾರವನ್ನು ಹೆಚ್ಚು ಜನರಿಗೆ ತಲುಪಿಸಿದ ತೋಳಗಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳದ ಗುಂಪು ಅಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ, ಮೇಲಾಟದ ಗುಂಪಲ್ಲ ಅಂತ ಬರೆದರು. ಅಮೆರಿಕದ ಪಶುವೈದ್ಯರ ಪ್ರಾಣಿ ವರ್ತನೆ ಸಂಘ ಕೂಡ 2021ರಲ್ಲಿ, ಯಾವ ನಾಯಿಗೇ ಆಗಲಿ ಬಹುಮಾನ ಕೊಟ್ಟು ಕಲಿಸುವ ದಾರಿಯೇ ಸರಿ ಅಂತ ಹೇಳಿದೆ. ಬಟ್ಟಲು ಕಿತ್ತುಕೊಂಡರೆ, "ಜನ ಬಂದರೆ ಊಟ ಹೋಗುತ್ತದೆ" ಅನ್ನುವ ಭಯ ಗಟ್ಟಿಯಾಗುತ್ತದೆ, ಅಷ್ಟೇ.

ನಿಜವಾದ ಪರೀಕ್ಷೆ ದಸರಾದಲ್ಲಿ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ, ಸಂಜೆ ಆದರೆ ಮಕ್ಕಳ ದಂಡು, ಕೈಯಲ್ಲಿ ಚರಪು. ಗುಂಡನ ಮೂತಿಯ ಎತ್ತರಕ್ಕೆ ಸರಿಯಾಗಿ ಚಕ್ಕುಲಿ, ಕೋಡುಬಳೆ! ಮೇಡಂ ಹಬ್ಬಕ್ಕೆ ಮುಂಚೆಯೇ ಅವನಿಗೆ ಚಾಪೆಯ ಮೇಲೆ ಕೂರುವ ಅಭ್ಯಾಸ ಮಾಡಿಸಿದ್ದರು. ಆದರೂ ಮಕ್ಕಳು ಬರುವ ಹೊತ್ತಿಗೆ ರೂಮಿನ ಗೇಟ್ ಹಿಂದೆ, ಕಡಿಯಲು ಏನಾದರೂ ಕೊಟ್ಟು ಬಿಡಿ, ಅವನನ್ನು ಪರೀಕ್ಷೆ ಮಾಡಲು ಹೋಗಬೇಡಿ ಅಂದರು. ಹಾಗೇ ಮಾಡಿದೆವು. ಒಂದು ಮಗುವೂ ಹೆದರಲಿಲ್ಲ, ಗುಂಡ ಒಂದು ತುಂಡೂ ಕದಿಯಲಿಲ್ಲ.

ಹಬ್ಬದ ಅಡುಗೆಯಲ್ಲಿ ಯಾವುದು ಅಪಾಯ ಅನ್ನುವ ಪಟ್ಟಿಯನ್ನೂ ಫ್ರಿಜ್ ಮೇಲೆ ಅಂಟಿಸಿ ಹೋದರು. ಪಾಯಸ, ಕೇಸರಿಬಾತ್‌ನಲ್ಲಿರುವ ಒಣದ್ರಾಕ್ಷಿಯಿಂದ ನಾಯಿಯ ಕಿಡ್ನಿ ಹಾಳಾಗಬಹುದು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ ರಕ್ತಕ್ಕೆ ಕೆಟ್ಟದ್ದು. ಚಾಕೊಲೇಟ್ ಗೊತ್ತಿದ್ದದ್ದೇ. ಕೆಲವು ಶುಗರ್‌ಫ್ರೀ ಚೂಯಿಂಗ್ ಗಮ್‌ಗಳಲ್ಲಿ ಸಕ್ಕರೆ ಬದಲು ಹಾಕುವ ಜೈಲಿಟಾಲ್ ಸ್ವಲ್ಪ ಹೋದರೂ ಪ್ರಾಣಕ್ಕೆ ಕುತ್ತು. ಮಾವನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಇದು ನಮಗೆ ತುಂಬಾ ಬೇಕಾಗಿದ್ದ ಮಾತು.

ಇಷ್ಟವಾಗದ್ದೂ ಇದೆ. ಮೆಸೇಜಿಗೆ ಉತ್ತರ ಬರುವುದು ತಡ. ಭಾನುವಾರ ಬರುವುದಿಲ್ಲ, ಮನೆಯವರೆಲ್ಲ ಸಿಗುವುದು ಅವತ್ತೇ. ಹೋಂವರ್ಕ್ ದಿನಾ ಮಾಡಬೇಕು, ಮನೆಯ ಎಲ್ಲರೂ ಒಂದೇ ಥರ ಮಾಡಬೇಕು. ಮಾವ ಈಗಲೂ ಆಗಾಗ ಟೇಬಲ್ ಕೆಳಗೆ ಒಂದು ತುಂಡು ಇಡ್ಲಿ ಬಿಡುತ್ತಾರೆ, ಆ ವಾರ ಗುಂಡ ಮತ್ತೆ ಟೇಬಲ್ ಸುತ್ತುತ್ತಾನೆ. ಒಂದೇ ವಾರದಲ್ಲಿ ಸರಿ ಮಾಡಿಕೊಡಿ ಅನ್ನುವವರಿಗೆ ಇವರು ಆಗಿಬರಲ್ಲ.

ನಿಮ್ಮ ನಾಯಿ ಆಗಲೇ ಕಚ್ಚಿದ್ದರೆ ಟ್ರೈನರ್ ಆಮೇಲೆ. ಮೊದಲು ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಮನೆ ನಾಯಿ, ಲಸಿಕೆ ಹಾಕಿಸಿದೆ ಅಂತ ಸುಮ್ನೆ ಕೂರಬೇಡಿ, ಡಾಕ್ಟರ್ ಹೇಳಲಿ.

ಮೇಡಂ ಒಂದು ಭೇಟಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ. ಪ್ಯಾಕೇಜ್ ಇಲ್ಲ, ಮುಂಗಡ ಇಲ್ಲ. ಮುಂದಿನ ಭೇಟಿ ಬೇಕಾ ಬೇಡವಾ ಅಂತ ಅವರೇ ಕೇಳುತ್ತಾರೆ, ನಮಗೆ ಕೊನೆಗೆ "ಇನ್ನು ನಾನು ಬೇಡ, ನೀವೇ ಮುಂದುವರಿಸಿ" ಅಂದರು. ನಂಬರ್ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ ಅಂದಿದ್ದಾರೆ, ವೆಟ್ ಕಳಿಸಿದವರನ್ನು ಮಾತ್ರ ನೋಡುವುದಂತೆ. ಕುವೆಂಪುನಗರ, ರಾಮಕೃಷ್ಣನಗರ ಕಡೆ ಇರುವವರು ನಿಮ್ಮ ವೆಟ್ ಹತ್ತಿರ ಮನೆಗೆ ಬರುವ, ಹೊಡೆಯದ ಟ್ರೈನರ್ ಬೇಕು ಅಂತ ಕೇಳಿ. ದಸರಾಗೆ ಮುಂಚೆ ಬೇಕಿದ್ದರೆ ಶ್ರಾವಣದಲ್ಲೇ ಹೇಳಿಡಿ, ಆಮೇಲೆ ಸಿಗುವುದು ಕಷ್ಟ.