ಮೊದಲ ಡೇಟಾಬೇಸ್: ಪೋಸ್ಟ್‌ಗ್ರೆಸ್ಸೋ, ಎಸ್‌ಕ್ಯೂಲೈಟೋ, ಮೈಎಸ್‌ಕ್ಯೂಎಲ್ಲೋ?

ಹೊಸದಾಗಿ ಎಸ್‌ಕ್ಯೂಎಲ್ (ಡೇಟಾಬೇಸ್ ಜೋಡಿ ಮಾತಾಡೋ ಭಾಷೆ) ಕಲಿಯೋರು ಪೋಸ್ಟ್‌ಗ್ರೆಸ್‌ನಿಂದನ ಸುರು ಮಾಡ್ರಿ. ಎಸ್‌ಕ್ಯೂಲೈಟ್ ಹಗುರ ಖರೆ. ಪಾಸ್‌ವರ್ಡ್ ಇಲ್ಲ, ಸರ್ವರ್ ಇಲ್ಲ, ಇಡೀ ಡೇಟಾಬೇಸ್ ಒಂದ ಫೈಲು. ಪೆನ್‌ಡ್ರೈವ್‌ನಾಗ ಹಾಕ್ಕೊಂಡು ಹುಬ್ಬಳ್ಳಿಯಿಂದ ಧಾರವಾಡಕ್ಕ ಒಯ್ಯಬಹುದು. ಆದರ ತಪ್ಪು ಮಾಡಿದರೂ ಬಯ್ಯೂದಿಲ್ಲ. ಕಲಿಯೋ ಹೊತ್ತಿನಾಗ ಇದ ದೊಡ್ಡ ತ್ರಾಸು.

ಬ್ಯಾಡಗಿ ಮೆಣಸಿನಕಾಯಿ ಚೀಲಗಳ ಟೇಬಲ್ ಒಂದು ಮಾಡಿ ನೋಡ್ರಿ. ‘ತೂಕ’ ಕಾಲಂ ಇಂಟಿಜರ್, ಅಂದರ ಪೂರ್ಣಾಂಕ. ಮೊದಲ ಎರಡು ಸಾಲು 40, 38. ಮೂರನೇದು ಕೋಟ್ ಒಳಗ ಕನ್ನಡ ಅಂಕಿ, ‘೪೦’. ಮೊತ್ತ 118 ಬರಬೇಕು. ಎಸ್‌ಕ್ಯೂಲೈಟ್ ಮೂರನೇ ಸಾಲನ್ನೂ ತಕರಾರಿಲ್ಲದ ತಗೊಳ್ತದ. ‘ಸಮ್’ ಕೇಳಿದರ 78.0 ಅಂತದ. ಎಸ್‌ಕ್ಯೂಲೈಟ್‌ಗೆ ಇಂಟಿಜರ್ ಅನ್ನೋದು ಬರೇ ಸಲಹೆ. ಅಂಕಿಯಾಗಿ ತಿರುಗದ್ದನ್ನ ಟೆಕ್ಸ್ಟ್ ಆಗೇ ಇಟ್ಟು, ಕೂಡಿಸುವಾಗ ಸೊನ್ನೆ ಹಿಡೀತದ. ಪೂರ್ಣಾಂಕ ಅಲ್ಲದ್ದು ಏನೋ ಸೇರೇದ ಅಂತ ಹೇಳೋದು ಕೊನೇ ‘.0’ ಒಂದ. ಆ ಸಾಲು ಹಿಡಿಯಾಕ ಸಾಲು ಸೋಸೋ ‘ವೇರ್’ನಾಗ ಟೈಪ್‌ಆಫ್(ತೂಕ) = ‘ಟೆಕ್ಸ್ಟ್’ ಅಂತ ಕೇಳಬೇಕು. 2021ರ 3.37 ಆವೃತ್ತಿಯಿಂದ ಈಚೆ, ಟೇಬಲ್ ಮಾಡುವಾಗ ಕೊನೇ ಕಂಸದ ನಂತರ ‘ಸ್ಟ್ರಿಕ್ಟ್’ ಬರೆದರ ತಡೀತದ, ಆದರ ಹೊಸಬರಿಗೆ ಅದನ್ನ ಹೇಳೋರ್ಯಾರು? ಫಾರಿನ್ ಕೀ (ಇಲ್ಲಿ ಬರೆದದ್ದು ಇನ್ನೊಂದು ಟೇಬಲ್‌ನಾಗ ಇರಲೇಬೇಕು ಅನ್ನೋ ಕಟ್ಟು) ಹಣೆಬರಹವೂ ಅಷ್ಟ. ಪ್ರತಿ ಕನೆಕ್ಷನ್‌ಗೂ ‘ಪ್ರಾಗ್ಮಾ ಫಾರಿನ್_ಕೀಸ್ = ಆನ್’ ಕೊಡದಿದ್ದರ, ಪಟ್ಟಿಯೊಳಗ ಇಲ್ಲದ ದಲಾಲಿ ಅಂಗಡಿ ಹೆಸರಿಗೂ ಚೀಲ ಏರ್ತಾವ.

ಪೋಸ್ಟ್‌ಗ್ರೆಸ್ ಅದ ‘೪೦’ಕ್ಕ ‘ಇನ್‌ವ್ಯಾಲಿಡ್ ಇನ್‌ಪುಟ್ ಸಿಂಟ್ಯಾಕ್ಸ್’ ಅಂತ ಅಲ್ಲೇ ನಿಲ್ಲಸ್ತದ. ಇದರ ಕಾಟ ಇರೋದು ಮೊದಲ ದಿನ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಾಗ ಪೋಸ್ಟ್‌ಗ್ರೆಸ್‌ನ ಕಮಾಂಡ್ ‘ಪಿಎಸ್‌ಕ್ಯೂಎಲ್’ ಹೊಡೆದರ ಸಿಗೂದಿಲ್ಲ, ಪಾತ್‌ಗೆ (ವಿಂಡೋಸ್ ಕಮಾಂಡ್ ಹುಡುಕೋ ಜಾಗಗಳ ಪಟ್ಟಿ) ಸೇರಿರೂದಿಲ್ಲ. ಸ್ಟಾರ್ಟ್ ಮೆನುವಿನ ‘ಎಸ್‌ಕ್ಯೂಎಲ್ ಶೆಲ್’ ತೆಗೆದು ನಾಕು ಸಲ ಎಂಟರ್ ಒತ್ತಿ, ಇನ್‌ಸ್ಟಾಲ್ ವ್ಯಾಳೆಕ್ಕ ಕೊಟ್ಟ ಪಾಸ್‌ವರ್ಡ್ ಹಾಕ್ರಿ. ಹೊಡೆಯುವಾಗ ಅಕ್ಷರ ಕಾಣೂದಿಲ್ಲ, ಕೀಬೋರ್ಡ್ ಕೆಟ್ಟಿಲ್ಲ. ಕನ್ನಡ ಬರೆಯೋದಿದ್ದರ ಆ ಕರೀ ಕಿಟಕಿ ಬಿಟ್ಟು, ಜೊತೀಗೆ ಬರೋ ಪಿಜಿಅಡ್ಮಿನ್ ತೆಗೀರಿ. ಊರಿನ ಹೆಸರಿಗೆ ಜೋಡಿ ಕೋಟ್ ಹಾಕಿದರ “ಗದಗ” ಅನ್ನೋ ಕಾಲಂ ಇಲ್ಲ ಅಂತದ. ಒಂಟಿ ಕೋಟ್ ಬೇಕು.

ಮೈಎಸ್‌ಕ್ಯೂಎಲ್ 5.7ರಿಂದ ಡೀಫಾಲ್ಟ್ ಆಗೇ ಬಿಗಿ, ‘೪೦’ ತಗೊಳ್ಳೂದಿಲ್ಲ. ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟೋ ಸಾಫ್ಟ್‌ವೇರ್) ಕೆಲಸ ಹಿಡಿಯೋರು ಅದನ್ನ ಕಲೀರಿ.

ಮೂರಕ್ಕೂ ರೊಕ್ಕ ಬ್ಯಾಡ. ಕಾಲೇಜು ಲ್ಯಾಬ್‌ನಾಗ ಇನ್‌ಸ್ಟಾಲ್ ಮಾಡಾಕ ಬಿಡೂದಿಲ್ಲ, ಮನ್ಯಾಗ ಲ್ಯಾಪ್‌ಟಾಪ್ ಇಲ್ಲ ಅನ್ನೋರಿಗೆ ಎಸ್‌ಕ್ಯೂಲೈಟೇ ಗತಿ. ‘ಸ್ಟ್ರಿಕ್ಟ್’ ಮಾತ್ರ ಮರೀಬ್ಯಾಡ್ರಿ.