ಮೂರು ಜೋಡಿ ಬೈಂಡಿಂಗ್, ನಾಲ್ಕು ಚಳಿಗಾಲ, ಕುಂಬಳೆಯ ಒಂದು ಮಳೆಗಾಲ

ಜಗಲಿಯಲ್ಲಿ ಹಳೆ ಪೇಪರ್ ಹಾಸಿ ಮೂರು ಜೋಡಿ ಸ್ನೋಬೋರ್ಡ್ ಬೈಂಡಿಂಗ್ ಬಿಚ್ಚಿಟ್ಟಿದ್ದೇನೆ. ಹಿಮದ ಮೇಲೆ ಜಾರುವ ಹಲಗೆಗೆ ಬೂಟನ್ನು ಹಿಡಿದಿಡುವ ಸಾಧನವೇ ಬೈಂಡಿಂಗ್. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ನಾಲ್ಕು ಚಳಿಗಾಲ ಇದ್ದೆ. ಕೆಲಸ ಮುಗಿಸಿ ಮೇ ತಿಂಗಳಲ್ಲಿ ಕುಂಬಳೆಗೆ ಬರುವಾಗ ಇವನ್ನೂ ತಂದೆ. ಮಳೆಗಾಲ ಪೂರ್ತಿ ಇಲ್ಲೇ ಇದ್ದವು. ಬರುವ ಜನವರಿಗೆ ಗುಲ್ಮಾರ್ಗ್‌ಗೆ ಹೊರಟಿದ್ದೇನೆ. ಯಾವ ಜೋಡಿ ಜೊತೆಗೆ ಬರಬೇಕು ಅಂತ ಈಗ ತೀರ್ಮಾನ ಆಗಬೇಕು.

ನನಗೆ ಇಷ್ಟ ಕಾರ್ವಿಂಗ್. ಬೋರ್ಡನ್ನು ಜಾರಿಸದೆ, ಅದರ ಅಂಚಿನ ಮೇಲೆ ನಿಲ್ಲಿಸಿ, ಹಿಮದಲ್ಲಿ ಗೆರೆ ಕೊರೆದ ಹಾಗೆ ತಿರುಗುವುದು. ಇನ್ಸ್‌ಬ್ರುಕ್‌ನ ಪಕ್ಕದಲ್ಲೇ ಪಾಟ್ಶರ್‌ಕೋಫೆಲ್ ಬೆಟ್ಟ ಇದೆ. 1976ರ ಒಲಿಂಪಿಕ್ಸ್‌ನಲ್ಲಿ ಫ್ರಾಂಜ್ ಕ್ಲಾಮರ್ ಡೌನ್‌ಹಿಲ್ ಸ್ಕೀಯಿಂಗ್‌ನ ಚಿನ್ನ ಗೆದ್ದದ್ದು ಅಲ್ಲೇ. ರಾತ್ರಿ ಯಂತ್ರ ಓಡಿಸಿ ಹದ ಮಾಡಿದ ಗಟ್ಟಿ ಹಿಮದ ಮೇಲೆ ಬೆಳಿಗ್ಗೆ ಮೊದಲ ಎರಡು ಗಂಟೆ ಸಿಗುವ ಖುಷಿ ಬೇರೆಲ್ಲೂ ಸಿಕ್ಕಿಲ್ಲ.

ಆದರೆ ಬೈಂಡಿಂಗ್‌ಗೆ ಇದು ಸುಲಭದ ಕೆಲಸ ಅಲ್ಲ. ಗಂಟೆಗೆ 50 ಕಿಮೀ ವೇಗದಲ್ಲಿ 12 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ, 70 ಕೆಜಿಯ ನನ್ನ ಮೈ ಸುಮಾರು 130 ಕೆಜಿಯಷ್ಟು ಒತ್ತುತ್ತದೆ. ಬರೇ ಕಾರ್ವಿಂಗ್ ಮಾಡುವವರು ಸ್ಕೀ ಬೂಟಿನಂಥ ಗಟ್ಟಿ ಬೂಟ್ ಹಾಕಿ, ಲೋಹದ ಕ್ಲಿಪ್ಪಿಗೆ ಸಿಕ್ಕಿಸಿಕೊಳ್ಳುತ್ತಾರೆ. ನನ್ನದು ಮೆತ್ತನೆ ಬೂಟ್. ಅದು ಬಳುಕುತ್ತದೆ. ಹಾಗಾಗಿ ಗಟ್ಟಿ ಬೂಟ್ ಮಾಡಬೇಕಾದ ಕೆಲಸವೂ ಬೈಂಡಿಂಗಿನ ತಲೆಗೇ ಬೀಳುತ್ತದೆ. ಹಿಮ್ಮಡಿ ಕಡೆ ವಾಲಿದಾಗ ಮೀನಖಂಡ ಹೈಬ್ಯಾಕನ್ನು, ಅಂದರೆ ಕಾಲಿನ ಹಿಂದೆ ನಿಂತಿರುವ ಆಸರೆಯನ್ನು, ಹಿಂದಕ್ಕೆ ಒತ್ತುತ್ತದೆ. ಬೆರಳಿನ ಕಡೆ ವಾಲಿದಾಗ ಹಿಮ್ಮಡಿ ಏಳಲು ನೋಡುತ್ತದೆ, ಪಾದದ ಗಂಟಿನ ಮೇಲಿನ ಸ್ಟ್ರಾಪ್ ಅಷ್ಟನ್ನೂ ತಡೆದು ಹಿಡಿಯಬೇಕು.

ಮೂರೂ ಬೇರೆ ಬೇರೆ ಕಂಪನಿಯವು. ಹೆಸರು ಬರೆಯುವುದಿಲ್ಲ, ಜಾತಿ ಮಾತ್ರ ಹೇಳುತ್ತೇನೆ.

ಮೊದಲನೆಯದು ಗಾಜಿನ ನಾರು ಬೆರೆಸಿದ ನೈಲಾನ್ ಬೇಸ್‌ಪ್ಲೇಟ್ (ಬೂಟ್ ಕೂರುವ ಅಡಿಯ ತಟ್ಟೆ), ಎರಡು ಸ್ಟ್ರಾಪ್. ಎಲ್ಲಕ್ಕಿಂತ ಅಗ್ಗ. 62 ದಿನ ಓಡಿಸಿದೆ. ಎರಡನೇ ಚಳಿಗಾಲದಲ್ಲಿ ಸ್ಟ್ರಾಪಿನ ಹಲ್ಲಿನ ಪಟ್ಟಿ, ಅಂದರೆ ಲ್ಯಾಡರ್, ಸವೆಯಿತು. ಬೆರಳಿನ ಕಡೆ ಪೂರ್ತಿ ವಾಲಿದ್ದೆ. ಅದನ್ನು ಬಿಗಿದು ಹಿಡಿಯುವ ಕೊಂಡಿ, ರಾಟ್ಚೆಟ್, ಒಂದು ಹಲ್ಲು ಜಾರಿತು. ಟಕ್ ಅಂತ ಸದ್ದು ಕೇಳಿದ್ದಷ್ಟೇ ಗೊತ್ತು, ಮರುಕ್ಷಣ ಹಿಮದ ಮೇಲೆ ಬಿದ್ದಿದ್ದೆ. ಭುಜ ನೋವು ಎರಡು ವಾರ ಇತ್ತು. ಲ್ಯಾಡರ್ ಬದಲಿಸಲು ಖರ್ಚು ಕಡಿಮೆ, ಸ್ಕ್ರೂಡ್ರೈವರ್ ಇದ್ದರೆ ಐದು ನಿಮಿಷದ ಕೆಲಸ. ಬದಲಿಸಿದೆ, ಸರಿಹೋಯಿತು. ಆದರೆ ಅದೇ ಚಳಿಗಾಲದ ಕೊನೆಗೆ ಬೇಸ್‌ಪ್ಲೇಟನ್ನು ಬೋರ್ಡಿಗೆ ಹಿಡಿದಿಡುವ ನಡುವಿನ ಡಿಸ್ಕ್ ಕೂರುವ ಜಾಗದ ಸುತ್ತ ಕೂದಲೆಳೆಯಷ್ಟು ತೆಳುವಾದ ಬಿರುಕು ಕಂಡಿತು. ಅಲ್ಲಿಗೆ ಇದನ್ನು ಬಳಸುವುದು ನಿಲ್ಲಿಸಿದೆ. ಲ್ಯಾಡರ್ ಸವೆದರೆ ಬದಲಿಸಬಹುದು, ಬೇಸ್‌ಪ್ಲೇಟ್ ಬಿರುಕು ಬಿಟ್ಟರೆ ಅದರ ಮೇಲೆ ಕಾಲಿಡಬಾರದು.

ಎರಡನೆಯದಕ್ಕೆ ಅಲ್ಯೂಮಿನಿಯಂ ಬೇಸ್‌ಪ್ಲೇಟ್, ಹಿಮ್ಮಡಿ ಸುತ್ತುವ ಭಾಗವೂ ಅಲ್ಯೂಮಿನಿಯಂ. 55 ದಿನ. ಮೊದಲ ದಿನವೇ ವ್ಯತ್ಯಾಸ ಗೊತ್ತಾಯಿತು. ಪ್ಲಾಸ್ಟಿಕ್‌ನದ್ದರಲ್ಲಿ ನಾನು ಒತ್ತಿದ ಮೇಲೆ ಒಂದು ಗಳಿಗೆ ತಡೆದು ಬೋರ್ಡ್ ವಾಲುತ್ತಿತ್ತು. ಇದರಲ್ಲಿ ಒತ್ತಿದ ಕೂಡಲೇ. ಬೇಸ್‌ಪ್ಲೇಟ್ ಇವತ್ತಿಗೂ ನೇರವಾಗಿದೆ. ಸ್ಕೇಲ್ ಇಟ್ಟು ನೋಡಿದೆ, ಒಂದು ಕಡೆಯೂ ಬಾಗಿಲ್ಲ. ತೊಂದರೆ ಇರುವುದು ಸ್ಕ್ರೂಗಳದ್ದು. ಗಟ್ಟಿ ಲೋಹ ಬಳುಕದ ಕಾರಣ ನಡುಕ ಪೂರ್ತಿ ಸ್ಕ್ರೂಗಳಿಗೆ ಹೋಗುತ್ತದೆ ಅಂತ ನನ್ನ ಅಂದಾಜು. ಬೋರ್ಡಿಗೆ ಕೂರಿಸುವ ಆರು ಮಿಲಿಮೀಟರ್ ದಪ್ಪದ ಆ ನಾಲ್ಕು ಸ್ಕ್ರೂಗಳನ್ನು, ಹೈಬ್ಯಾಕ್ ಕೀಲಿನ ಬೋಲ್ಟ್‌ಗಳನ್ನು ದಿನಾ ಮೂರನೇ ಸುತ್ತಿನ ನಂತರ ಬಿಗಿ ಮಾಡುವುದು ನನಗೆ ಅಭ್ಯಾಸವೇ ಆಯಿತು. ಸ್ಕ್ರೂ ಸಡಿಲ ಆಗದಿರಲು ಅಂಟು ಹಾಕುವವರಿದ್ದಾರೆ. ಪಾಲಿಕಾರ್ಬೊನೇಟ್‌ನಂಥ ಪ್ಲಾಸ್ಟಿಕ್ ಹತ್ತಿರ ಅದನ್ನು ತರಬೇಡಿ, ಬಿರುಕು ಬಿಡುತ್ತದೆ.

ಇದರ ಸ್ಟ್ರಾಪ್ ಕೂಡ ಸವೆದಿದೆ. ನಾನು ನೋಡುವ ಮೊದಲೇ ದೊಡ್ಡಪ್ಪ ಕಂಡುಹಿಡಿದರು. ಪ್ರಾಯದಲ್ಲಿ ಅವರೇ ಕಾಲಿಗೆ ತಳೆ, ಅಂದರೆ ಮರ ಹತ್ತುವ ಬಳೆ, ಹಾಕಿ ಅಡಿಕೆ ಮರ ಹತ್ತುತ್ತಿದ್ದರು. ಸ್ಟ್ರಾಪನ್ನು ಕೈಯಲ್ಲಿ ಹಿಡಿದು ಎರಡು ಸಲ ಮಡಚಿ ನೋಡಿ, ಪ್ಯಾಡು ಲ್ಯಾಡರಿಗೆ ಸೇರುವ ಜಾಗಕ್ಕೆ ಉಗುರು ಊರಿದರು. "ಇಲ್ಲಿಂದಲೇ ಹೋಗುವುದು ನೋಡು. ತಳೆಯೂ ಹಾಗೆಯೇ ಮಾರಾಯ, ಕಾಲು ಊರುವಲ್ಲಿ ಅಲ್ಲ, ಮಡಚುವಲ್ಲಿ ತುಂಡಾಗುವುದು." ಹೊಲಿಗೆಯ ಕೆಳಗೆ ನಿಜಕ್ಕೂ ಸೀಳು ಶುರುವಾಗಿತ್ತು. ನಾನು ನಾಲ್ಕು ವರ್ಷ ಪ್ಯಾಡಿನ ನಡುಭಾಗವನ್ನೇ ನೋಡುತ್ತಿದ್ದೆ!

ಮೂರನೆಯದರಲ್ಲಿ ಸ್ಟ್ರಾಪೇ ಇಲ್ಲ. ಬೂಟ್ ಇಟ್ಟು ಒತ್ತಿದರೆ ಹಿಮ್ಮಡಿ ಹತ್ತಿರ ಒಂದು, ಬೆರಳಿನ ಎರಡೂ ಬದಿಗೆ ಒಂದೊಂದು, ಹೀಗೆ ಮೂರು ಕಡೆ ಹಿಡಿಯುತ್ತದೆ. ಹಿಮದಲ್ಲಿ ಕೂತು ಬಿಗಿಯುವ ರಗಳೆ ಇಲ್ಲ. 38 ದಿನ ಬಳಸಿದೆ. ಬೈಂಡಿಂಗ್ ಹೊಸದರ ಹಾಗೇ ಇದೆ. ಸವೆದದ್ದು ಬೂಟ್. ಬೂಟಿಗೆ ಕೂರಿಸಿದ ಹಿಮ್ಮಡಿಯ ತುಂಡು ಸವೆದು, ಗಟ್ಟಿ ತಿರುವಿನಲ್ಲಿ ಸಣ್ಣ ಅಲುಗಾಟ ಬಂತು. ಬೂಟ್ ಮೆತ್ತಗಾದಾಗ ಇನ್ನೊಂದು ತೊಂದರೆ. ಬೇರೆ ಬೈಂಡಿಂಗ್‌ನಲ್ಲಿ ಸ್ಟ್ರಾಪನ್ನು ಇನ್ನೆರಡು ಹಲ್ಲು ಬಿಗಿದುಕೊಳ್ಳಬಹುದು. ಇಲ್ಲಿ ಬಿಗಿಯಲು ಏನೂ ಇಲ್ಲ. ಇದಕ್ಕೆ ಹೊಂದುವ ಬೂಟನ್ನೇ ಮತ್ತೆ ಕೊಳ್ಳಬೇಕು. ಬೈಂಡಿಂಗಿನ ಬಾಳಿಕೆ ಲೆಕ್ಕ ಹಾಕುವಾಗ ಬೂಟನ್ನು ಬಿಟ್ಟರೆ ಆ ಲೆಕ್ಕ ತಪ್ಪು, ಅಲ್ವಾ?

ಇನ್ನು ಮಳೆಗಾಲದ ವಿಷಯ. ನಮ್ಮ ಕುಂಬಳೆ ಇರುವ ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿಮೀ ಆಸುಪಾಸು ಮಳೆ. ನಮ್ಮ ಮನೆಗೆ ಕಡಲ ಗಾಳಿಯೂ ಬೀಸುತ್ತದೆ. ಆಲ್ಪ್ಸ್‌ನ ಹಿಮ ಮಾಡದ ಹಾಳು ಇಲ್ಲಿ ನಾಲ್ಕು ತಿಂಗಳಲ್ಲಿ ಆಯಿತು. ಅಲ್ಯೂಮಿನಿಯಂ ಜೋಡಿಯನ್ನು ಕೋಣೆಯ ಮೂಲೆಯಲ್ಲಿ ಇಟ್ಟಿದ್ದೆ. ಉಕ್ಕಿನ ಸ್ಕ್ರೂ ಅಲ್ಯೂಮಿನಿಯಂಗೆ ತಾಗಿಕೊಂಡಿದ್ದು ನಡುವೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಸ್ಕ್ರೂ ಸುತ್ತ ಬಿಳಿ ಪುಡಿ, ಎರಡು ಬೋಲ್ಟ್ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟ ಮೇಲೆ ಬಂತು. ಮೂರನೆಯದರ ಬೂಟ್ ಜೊತೆಗೇ ಇತ್ತು, ಅದರ ಅಡಿ ಸುಮ್ನೆ ಕೈಯಲ್ಲಿ ಎಳೆದರೆ ಕಳಚಿ ಬಂತು. ಪಾಲಿಯುರೆಥೇನ್ ಫೋಮು, ಅಂಟು ತೇವಕ್ಕೆ ಹೀಗೆ ಒಳಗಿಂದಲೇ ಕೆಡುತ್ತವೆ. ಒಮ್ಮೆ ಕೆಟ್ಟರೆ ಮತ್ತೆ ಒಣಗಿಸಿ ಪ್ರಯೋಜನ ಇಲ್ಲ. ಬಿರುಕು ಬಿಟ್ಟ ಪ್ಲಾಸ್ಟಿಕ್ ಜೋಡಿಯನ್ನು ಮಾತ್ರ ಅಮ್ಮ ಅಡುಗೆಮನೆಯ ಅಟ್ಟಕ್ಕೆ ಹಾಕಿದ್ದರು. ಅಲ್ಲಿ ಒಲೆಯ ಬಿಸಿಗೆ ತೇವ ಹಿಡಿಯುವುದಿಲ್ಲ. ಅದರ ಸ್ಟ್ರಾಪಿಗೆ ಒಂದು ಚುಕ್ಕೆ ಬೂಸ್ಟೂ ಬಂದಿಲ್ಲ.

ಆ ಸ್ಟ್ರಾಪುಗಳನ್ನೇ ಬಿಚ್ಚಿ ಅಲ್ಯೂಮಿನಿಯಂ ಬೇಸ್‌ಪ್ಲೇಟಿಗೆ ಹಾಕಿ ನೋಡಿದೆ. ನನ್ನ ಅದೃಷ್ಟಕ್ಕೆ ಬೋಲ್ಟಿನ ತೂತು ಸರಿಯಾಗಿ ಕೂತಿತು. ಬೇರೆ ಬೇರೆ ಕಂಪನಿಯ ಭಾಗಗಳು ಯಾವಾಗಲೂ ಹೀಗೆ ಹೊಂದುವುದಿಲ್ಲ. ಗುಲ್ಮಾರ್ಗ್‌ಗೆ ಹೋಗುವುದು ಈ ಜೋಡಿಯೇ. ಬ್ಯಾಗಿನಲ್ಲಿ ಎರಡು ಹೊಸ ಲ್ಯಾಡರ್, ಆರು ಸ್ಕ್ರೂ, ಒಂದು ಸ್ಕ್ರೂಡ್ರೈವರ್ ಇರುತ್ತದೆ. ಬೋಲ್ಟ್‌ಗಳಿಗೆ ಗ್ರೀಸ್ ಸವರಿ ಅಟ್ಟಕ್ಕೆ ಹಾಕಿದ್ದಾಯಿತು. ಕೊಬ್ಬರಿ ಇಡಲು ಸ್ವಲ್ಪ ಜಾಗ ಬಿಡು ಅಂತ ಅಮ್ಮ ಹೇಳಿದ್ದಾರೆ.