ಮರಳುಗಲ್ಲಿನ ಮೇಲಿನ ಮಸಾರಿ, ಹೊಳೆದಂಡೆಯ ಎರೆ: ಎರಡೂ ನೆಲದಲ್ಲಿ ಬಿತ್ತಿ ಕಂಡದ್ದು

ಬಾದಾಮಿ ತಾಲ್ಲೂಕಿನಲ್ಲಿ ನಮ್ಮ ಮನೆತನದ ಜಮೀನು ಎರಡು ಕಡೆ ಹಂಚಿಹೋಗಿದೆ. ಒಂದು ತುಂಡು ಮರಳುಗಲ್ಲಿನ ಗುಡ್ಡದ ಬುಡದಲ್ಲಿರುವ ಮಸಾರಿ, ಅಂದರೆ ಕೆಂಪು ಮರಳುಮಣ್ಣು. ಇನ್ನೊಂದು ಮಲಪ್ರಭೆಯ ದಂಡೆಯ ಕಡೆಗಿರುವ ಎರೆ, ಅಂದರೆ ಕಪ್ಪು ಜೇಡಿಮಣ್ಣು. ಎರಡಕ್ಕೂ ನೀರಾವರಿಯಿಲ್ಲ, ಎರಡೂ ಮಳೆಯನ್ನೇ ನಂಬಿದ ಹೊಲಗಳು. ಜಮೀನು ಕೊಳ್ಳಲು ಬಂದವರು ಸಾಮಾನ್ಯವಾಗಿ ಎರೆಗೆ ಹೆಚ್ಚು ಬೆಲೆ ಕಟ್ಟಿ, ಮಸಾರಿಯನ್ನು ಎರಡನೆಯ ದರ್ಜೆಯ ನೆಲವೆಂದು ತಳ್ಳಿಹಾಕುತ್ತಾರೆ. ಎರಡರಲ್ಲೂ ವರ್ಷಗಟ್ಟಲೆ ಬಿತ್ತಿ ಬೆಳೆದ ಮೇಲೆ ಈ ತೀರ್ಮಾನವನ್ನು ನಾನು ಒಪ್ಪಲಾರೆ. ಮಳೆ ಯಾವ ರೀತಿಯಲ್ಲಿ ಬರುತ್ತದೆ, ಮಣ್ಣಿನ ಕೆಳಗೆ ಬಂಡೆ ಎಷ್ಟು ಆಳದಲ್ಲಿದೆ ಎಂಬ ಎರಡು ಸಂಗತಿಗಳನ್ನು ಬಿಟ್ಟು ಈ ನೆಲಗಳನ್ನು ತೂಗಿ ನೋಡುವುದು ಸಾಧ್ಯವಿಲ್ಲ.

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಸುತ್ತಲಿನ ಮರಳುಗಲ್ಲು ಭೂವಿಜ್ಞಾನಿಗಳು ಕಲಾದಗಿ ಜಲಾನಯನವೆಂದು ಕರೆಯುವ ಬಹುಪುರಾತನ ಶಿಲಾಸಮೂಹದ ಮೇಲ್ಭಾಗದಲ್ಲಿದೆ. ಚಾಲುಕ್ಯರು ಗುಹೆಗಳನ್ನು ಕೊರೆದದ್ದು ಇದೇ ಕಲ್ಲಿನಲ್ಲಿ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಈ ಕಲ್ಲಿನ ಬಹುಪಾಲು ಬೆಣಚುಕಲ್ಲಿನ ಹರಳು. ಬೆಣಚು ಹರಳು ಸವೆದರೂ ಮರಳಾಗಿಯೇ ಉಳಿಯುತ್ತದೆಯೇ ಹೊರತು ಜೇಡಿಯಾಗುವುದಿಲ್ಲ. ಆದ್ದರಿಂದ ಅದರ ಮೇಲೆ ಹುಟ್ಟಿದ ಮಣ್ಣಿನಲ್ಲಿ ಮರಳೇ ಮುಕ್ಕಾಲು ಪಾಲಿನ ಹತ್ತಿರವಿದ್ದು, ಜೇಡಿಯ ಅಂಶ ಶೇ. 20ಕ್ಕಿಂತ ಕಡಿಮೆ ಇರುತ್ತದೆ. ಎರೆಯಲ್ಲಾದರೋ ಜೇಡಿಯೇ ಅರ್ಧಕ್ಕೂ ಹೆಚ್ಚು, ಅದೂ ನೀರು ಕುಡಿದರೆ ಉಬ್ಬಿ ಒಣಗಿದರೆ ಬಿರಿಯುವ ಜಾತಿಯ ಜೇಡಿ. ಹಸಿಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ತೀಡಿ ಪಟ್ಟಿ ಎಳೆದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಮಸಾರಿಯ ಪಟ್ಟಿ ಒಂದು ಇಂಚು ತಲುಪುವ ಮೊದಲೇ ಮುರಿದು ಬೀಳುತ್ತದೆ ಮತ್ತು ಬೆರಳಿಗೆ ಹರಳು ತಾಗುತ್ತದೆ. ಎರೆಯ ಪಟ್ಟಿ ಎರಡು ಇಂಚು ದಾಟಿದರೂ ಹೊಳಪಿನಿಂದ ಜೋತಾಡುತ್ತದೆ.

ಇಷ್ಟು ಮೇಲ್ಮಣ್ಣಿನ ಮಾತಾಯಿತು. ನಿಜವಾದ ಸಂಗತಿ ಇರುವುದು ಗುಂಡಿಯೊಳಗೆ. ಮಸಾರಿ ಹೊಲದ ಮೇಲ್ತಲೆಯಲ್ಲಿ, ಅಂದರೆ ಎತ್ತರದ ಬದಿಯಲ್ಲಿ, ಗುದ್ದಲಿ ಹಾಕಿದರೆ ಮೊದಲ ಒಂದು ಗೇಣು ಕಂದುಗೆಂಪು ಮಣ್ಣು, ಅದರ ಕೆಳಗೆ ಇನ್ನೂ ಕೆಂಪಾದ ಮತ್ತು ತುಸು ಅಂಟಿರುವ ಪದರ, ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಹಳದಿ ಕಲ್ಲುಮರಳು, ಆಮೇಲೆ ಹಾರೆ ಠಣ್ ಎನ್ನುವ ಹಾಸುಬಂಡೆ. ಬಂಡೆ ಒಂದೇ ತುಂಡಾಗಿಲ್ಲ. ಅದರಲ್ಲಿ ನೆಟ್ಟಗೆ ಇಳಿದ ಸೀಳುಗಳಿವೆ. ಆ ಸೀಳಿನೊಳಗೆ ತೊಗರಿಯ ಬೇರು ಕಾಗದದಂತೆ ಚಪ್ಪಟೆಯಾಗಿ, ಎರಡೂ ಬದಿಯ ಕಲ್ಲಿಗೆ ಕೂದಲೆಳೆಯಂಥ ಕವಲುಗಳನ್ನು ಅಂಟಿಸಿಕೊಂಡು ಕೆಳಗಿಳಿದಿರುವುದನ್ನು ನಾನು ನೋಡಿದ್ದೇನೆ. ಮೇಲಿನ ಮಣ್ಣು ಪೂರ್ತಿ ಒಣಗಿದ್ದ ಹೊತ್ತಿನಲ್ಲೂ ಸೀಳಿನೊಳಗಿನ ಮರಳಿನಲ್ಲಿ ತಂಪಿತ್ತು.

ನೀರು ಬಸಿಯುವ ಗುಣವನ್ನು ಅಳೆಯಲು ತಳ ಮತ್ತು ಮುಚ್ಚಳ ಎರಡನ್ನೂ ಕತ್ತರಿಸಿದ ಡಬ್ಬಿಯೊಂದು ಸಾಕು. ಅದನ್ನು ನೆಲಕ್ಕೆ ನಾಲ್ಕು ಬೆರಳು ಇಳಿಸಿ, ಒಳಗೆ ಒಂದು ಇಂಚು ನೀರು ನಿಲ್ಲಿಸಿ ಕಾಯಬೇಕು. ಎರೆಯಲ್ಲಿ ಈ ಪರೀಕ್ಷೆಯನ್ನು ಎರಡು ಸಲ ಮಾಡದಿದ್ದರೆ ಮೋಸ ಹೋಗುತ್ತೇವೆ, ಏಕೆಂದರೆ ಬೇಸಿಗೆಯ ಬಿರುಕಿನಲ್ಲಿ ಮೊದಲ ನೀರು ಕಣ್ಣೆದುರೇ ಮಾಯವಾಗುತ್ತದೆ; ಜೇಡಿ ಉಬ್ಬಿ ಬಿರುಕು ಮುಚ್ಚಿದ ಮೇಲೆ ಹಾಕಿದ ಎರಡನೆಯ ನೀರು ಗಂಟೆಗಟ್ಟಲೆ ನಿಲ್ಲುತ್ತದೆ. ಮಸಾರಿಯಲ್ಲಿ ಎರಡನೆಯ ಸಲವೂ ಹೆಚ್ಚುಕಡಿಮೆ ಒಂದು ಗಂಟೆಯೊಳಗೆ ನೀರು ಇಳಿದುಹೋಗುತ್ತದೆ. ಮಣ್ಣುಶಾಸ್ತ್ರದ ಪುಸ್ತಕಗಳು ಮರಳುಗೋಡಿಗೆ (ಮಸಾರಿಯಂಥ ಮರಳು ಹೆಚ್ಚಿರುವ ಮಣ್ಣಿಗೆ) ಗಂಟೆಗೆ 20ರಿಂದ 30 ಮಿ.ಮೀ., ಜೇಡಿಗೆ 1ರಿಂದ 5 ಮಿ.ಮೀ. ಎಂದು ಕೊಡುವ ಲೆಕ್ಕಕ್ಕೆ ಇದು ಹೊಂದುತ್ತದೆ.

ಆದರೆ ಬೇಗ ಕುಡಿಯುವ ನೆಲ ಹೆಚ್ಚು ಹಿಡಿದಿಡುವುದಿಲ್ಲ. ಮಸಾರಿ ಒಂದು ಮೀಟರ್ ಆಳಕ್ಕೆ ಸುಮಾರು 100ರಿಂದ 120 ಮಿ.ಮೀ. ನೀರನ್ನು ಬೆಳೆಗೆ ಸಿಗುವಂತೆ ಇಟ್ಟುಕೊಳ್ಳಬಲ್ಲದು. ಎರೆ ಅಷ್ಟೇ ಆಳದಲ್ಲಿ ಅದರ ಒಂದೂವರೆ ಪಟ್ಟನ್ನೋ ಇನ್ನೂ ಹೆಚ್ಚನ್ನೋ ಇಡುತ್ತದೆ. ನಮ್ಮ ಮಸಾರಿಯ ಮೇಲ್ತಲೆಯಲ್ಲಿ ಮಣ್ಣಿರುವುದೇ ಒಂದೂವರೆ ಅಡಿ. ಅಂದರೆ ಪೂರ್ತಿ ನೆನೆದಾಗಲೂ ಅಲ್ಲಿರುವುದು 50 ಮಿ.ಮೀ. ನೀರು, ಬೆಳೆ ದಿನಕ್ಕೆ 4ರಿಂದ 5 ಮಿ.ಮೀ. ಎಳೆದರೆ ಹತ್ತು ಹನ್ನೆರಡು ದಿನಕ್ಕೆ ಮುಗಿಯಿತು. ನಾಲ್ಕಡಿ ದಾಟಿದ ಎರೆ ಒಂದು ಸಲ ತುಂಬಿದರೆ ಒಂದೂವರೆ ತಿಂಗಳು ಬೆಳೆಯನ್ನು ಸಾಕುತ್ತದೆ. ಉತ್ತರಿ, ಹಸ್ತದ ಮಳೆಯ ಹಸಿಯಲ್ಲಿ ಬಿತ್ತಿದ ಬಿಳಿಜೋಳವೂ ಕಡಲೆಯೂ ಮುಂದೆ ಒಂದು ಹನಿ ಬೀಳದಿದ್ದರೂ ತೆನೆ, ಕಾಯಿ ಕಟ್ಟುವುದು ಇದರಿಂದಲೇ. ಹಿಂಗಾರಿಗೆ ಸಂಬಂಧಿಸಿದಂತೆ ಮಸಾರಿಯು ಎರೆಗೆ ಸಾಟಿಯಲ್ಲ ಎಂಬುದನ್ನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಮುಂಗಾರಿನಲ್ಲಿ ಮಾತ್ರ ಲೆಕ್ಕ ತಿರುಗಿಬೀಳುತ್ತದೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾಗುವ ನಮ್ಮ ಸೀಮೆಯಲ್ಲಿ ಜೂನ್, ಜುಲೈ ತಿಂಗಳ ಮಳೆ ಬಹುಮಟ್ಟಿಗೆ ಸಣ್ಣ ಸಣ್ಣ ಸುರಿತವೇ. ಹತ್ತು ಹನ್ನೆರಡು ಮಿ.ಮೀ. ಮಳೆ ಬಿದ್ದರೆ ಎರೆಯಲ್ಲಿ ಮೇಲಿನ ಎರಡು ಇಂಚು ಮಾತ್ರ ಒದ್ದೆಯಾಗಿ, ಅದನ್ನು ಜೇಡಿಯೇ ಬಿಗಿಹಿಡಿದು, ಉಳಿದದ್ದನ್ನು ಬಿಸಿಲು ಒಯ್ಯುತ್ತದೆ. ಬೇರಿಗೆ ಏನೂ ದಕ್ಕುವುದಿಲ್ಲ. ಅದೇ ಮಳೆ ಮಸಾರಿಯಲ್ಲಿ ನಾಲ್ಕು ಇಂಚಿನ ತನಕ ಇಳಿಯುತ್ತದೆ, ಮೇಲಿನ ಅರ್ಧ ಇಂಚು ಬೇಗ ಒಣಗಿ ಕೆಳಗಿನ ತೇವಕ್ಕೆ ಮುಚ್ಚಳವಾಗುತ್ತದೆ. ಮುಂಗಾರು ಚೂರುಚೂರಾಗಿ ಬಂದ ವರ್ಷಗಳಲ್ಲಿ ಎರೆಯ ಹೆಸರುಕಾಳಿನ ಬೆಳೆ ಸೊರಗಿ ನಿಂತಾಗ ಮಸಾರಿಯ ಸಜ್ಜೆ ಹಸಿರಾಗಿತ್ತು. ಇಡೀ ಹೋಲಿಕೆಯಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸಿದ ಅಂಶ ಇದು, ಏಕೆಂದರೆ ಮಳೆಯ ಒಟ್ಟು ಅಳತೆಯನ್ನಷ್ಟೇ ನೋಡುವವರಿಗೆ ಇದು ಕಾಣುವುದೇ ಇಲ್ಲ.

ಮಸಾರಿಯೊಳಗೇ ಇನ್ನೊಂದು ಹೋಲಿಕೆ ಇದೆ. ಹೊಲದ ಕೆಳಬದಿಯಲ್ಲಿ ಬಂಡೆ ಮೂರು ಅಡಿಯ ಕೆಳಗಿದೆ. ಅಲ್ಲಿ ಮೇಲ್ತಲೆಯ ಎರಡರಷ್ಟು ದಿನ ತೇವ ನಿಲ್ಲುತ್ತದೆ ಮತ್ತು ಶೇಂಗಾದೊಂದಿಗೆ ಸಾಲು ಬಿಟ್ಟು ಹಾಕಿದ ತೊಗರಿ ಜನವರಿಯವರೆಗೂ ಬಾಳುತ್ತದೆ. ಆದರೆ ಒಂದು ಮೂಲೆಯಲ್ಲಿ ಬಂಡೆ ತಟ್ಟೆಯಂತೆ ತಗ್ಗಾಗಿದ್ದು, ಸೀಳಿಲ್ಲದ ಕಾರಣ ಇಳಿದ ನೀರು ಹೊರದಾರಿ ಕಾಣದೆ ನಿಲ್ಲುತ್ತದೆ. ಮೇಲಿನ ಮಣ್ಣು ಅದೇ ಮರಳುಮಣ್ಣು. ಅಗೆದರೆ ಮಾತ್ರ ಬಂಡೆಯ ಮೇಲಿನ ಪದರದಲ್ಲಿ ಬೂದುಬಣ್ಣದ ನಡುವೆ ತುಕ್ಕಿನ ಮಚ್ಚೆಗಳು ಸಿಗುತ್ತವೆ. ಮೇಲಿಂದ ಕೆಳಗಿನವರೆಗೆ ಒಂದೇ ಕೆಂಪು ಇದ್ದರೆ ಗಾಳಿಯಾಡುತ್ತಿದೆ, ನೀರು ಬಸಿಯುತ್ತಿದೆ ಎಂದರ್ಥ. ಬೂದುಬಣ್ಣ ಕಂಡರೆ ನೀರು ನಿಂತು ಕಬ್ಬಿಣದ ಅಂಶ ಬಣ್ಣಗೆಟ್ಟಿದೆ ಎಂದರ್ಥ. ಆ ಮೂಲೆಯಲ್ಲಿ ಮಳೆಗಾಲದಲ್ಲಿ ಬೆಳೆ ಹಳದಿಯಾಗುವುದು ಗೊಬ್ಬರದ ಕೊರತೆಯಿಂದಲ್ಲ.

ಸಾರದ ವಿಷಯದಲ್ಲಿ ಎರೆ ಶ್ರೀಮಂತ. ಪೊಟ್ಯಾಷ್, ಸುಣ್ಣ ಅದರಲ್ಲಿ ಧಾರಾಳ; ಹಾಕಿದ ಗೊಬ್ಬರವನ್ನು ಜೇಡಿ ಹಿಡಿದಿಡುತ್ತದೆ. ಬೆಣಚು ಹರಳಿಗೆ ಕೊಡಲು ಏನೂ ಇಲ್ಲವಾದ್ದರಿಂದ ಮಸಾರಿಗೆ ತಿಪ್ಪೆಗೊಬ್ಬರವೇ ಆಧಾರ, ಅದೂ ಗಾಳಿ ಚೆನ್ನಾಗಿ ಆಡುವ ಮಣ್ಣಿನಲ್ಲಿ ಬೇಗ ಕರಗಿಹೋಗುವುದರಿಂದ ಪ್ರತಿ ವರ್ಷ ಹಾಕಬೇಕು. ಯೂರಿಯಾವನ್ನು ಒಂದೇ ಕಂತಿನಲ್ಲಿ ಕೊಟ್ಟರೆ ಮುಂದಿನ ದೊಡ್ಡ ಮಳೆ ಅದನ್ನು ಬೇರಿಗಿಂತ ಕೆಳಗೆ ಒಯ್ಯುತ್ತದೆ. ಸಜ್ಜೆಗೆ ಎರಡು ಕಂತು ಮಾಡಿದರೆ ಉಳಿಯುತ್ತದೆ. ಎರೆಗೂ ತನ್ನದೇ ತೊಡಕಿದೆ. ಸುಣ್ಣದ ಹರಳಿರುವ ಕಡೆ ಶೇಂಗಾದ ಎಳೆ ಎಲೆಗಳು ಕಬ್ಬಿಣ ಸಿಗದೆ ಬಿಳಿಚಿಕೊಳ್ಳುತ್ತವೆ, ಅನ್ನಭೇದಿಯ (ಕಬ್ಬಿಣದ ಸಲ್ಫೇಟಿನ) ಸಿಂಪಡಣೆ ಬೇಕಾಗುತ್ತದೆ. ಮಸಾರಿಯಲ್ಲಿ ಆ ಕಾಟವಿಲ್ಲ, ಆದರೆ ಕಾಯಿ ಜೊಳ್ಳಾಗದಂತೆ ಹೂವಿನ ಹೊತ್ತಿಗೆ ಎಕರೆಗೆ 2 ಕ್ವಿಂಟಲ್ ಜಿಪ್ಸಂ ಕೊಡಲೇಬೇಕು.

ಶೇಂಗಾದ ಮಾತು ಬಂದದ್ದರಿಂದ ಹೇಳುತ್ತೇನೆ: ಈ ಬೆಳೆಗೆ ಮಸಾರಿಯೇ ತವರು. ಹೂವಿನಿಂದ ಇಳಿದು ತುದಿಯಲ್ಲಿ ಕಾಯಿ ಕಟ್ಟುವ ಸೂಜಿ ಸಡಿಲ ಮಣ್ಣಿನೊಳಗೆ ಸಲೀಸಾಗಿ ಹೊಗುತ್ತದೆ. ಕೀಳುವಾಗ ಗಿಡ ಹಿಡಿದು ಎಳೆದರೆ ಕಾಯಿ ಗೊಂಚಲಾಗಿ, ಮಣ್ಣು ಉದುರಿಸಿಕೊಂಡು ಮೇಲೆ ಬರುತ್ತದೆ. ಎರೆಯಲ್ಲಿ ನೆಲ ಒಣಗಿದ ಮೇಲೆ ಕಿತ್ತರೆ ಅರ್ಧ ಕಾಯಿ ನೆಲದಲ್ಲೇ ಹರಿದು ಉಳಿಯುತ್ತದೆ. ಹದದ ವಿಷಯವೂ ಹಾಗೆಯೇ. ಮಸಾರಿಯಲ್ಲಿ ಮಳೆ ನಿಂತ ಮರುದಿನ ಕುಂಟೆ ಹೊಡೆಯಬಹುದು. ಎರೆಯಲ್ಲಿ ನಾಲ್ಕೈದು ದಿನ ಕಾಯಬೇಕು, ಕಾದು ತಡವಾದರೆ ಹೆಂಟೆ.

ಮಸಾರಿಗೆ ಎರಡು ದೋಷಗಳಿವೆ: ಬಿತ್ತಿದ ಮೇಲೆ ಜೋರು ಮಳೆಯಾಗಿ ಬಿಸಿಲು ಬಿದ್ದರೆ ಮೇಲೆ ಹೆಪ್ಪುಗಟ್ಟಿ ಸಜ್ಜೆಯ ಮೊಳಕೆ ಒಳಗೇ ಸಾಯುತ್ತದೆ, ಮತ್ತು ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗುತ್ತದೆ. ಒಂದೂವರೆ ಅಡಿ ಮಣ್ಣಿರುವಲ್ಲಿ ಒಂದು ಇಂಚು ಹೋದರೂ ನೀರಿನ ಭಂಡಾರದ ಹದಿನೆಂಟರಲ್ಲಿ ಒಂದು ಪಾಲು ಹೋದಂತೆ. ಆದ್ದರಿಂದ ಹೊಲದಲ್ಲೇ ಸಿಗುವ ಮರಳುಗಲ್ಲಿನ ಚಪ್ಪಡಿಗಳಿಂದ ಅಡ್ಡವಾಗಿ ಒಡ್ಡು ಹಾಕಿದ್ದೇವೆ. ಎರೆಯಲ್ಲಿ ಹಿಂಗಾರಿಗೆ ಮುಂಚೆ ಚೌಕು ಮಡಿ ಮಾಡುತ್ತೇವೆ, ಅಲ್ಲಿ ನೀರನ್ನು ತಡೆದು ನಿಲ್ಲಿಸಿದರೆ ಮಾತ್ರ ಒಳಗಿಳಿಯುತ್ತದೆ.

ಈಗ ನಮ್ಮ ಮಸಾರಿಯ ಮೇಲ್ತಲೆಗೆ ಸಜ್ಜೆ, ಕೆಳಬದಿಗೆ ಶೇಂಗಾ ಮತ್ತು ತೊಗರಿ, ನೀರು ನಿಲ್ಲುವ ಮೂಲೆಗೆ ದನದ ಮೇವು. ಎರೆಗೆ ಬಿಳಿಜೋಳ, ಕಡಲೆ, ಅಂಚಿಗೆ ಕುಸುಬಿ. ಮಸಾರಿ ಕೊಳ್ಳಬೇಕೆಂದಿರುವವರು ಬೇಸಿಗೆಯಲ್ಲಿ ನೋಡದೆ ಆಗಸ್ಟಿನಲ್ಲಿ, ದೊಡ್ಡ ಮಳೆಯಾದ ಎರಡು ದಿನಗಳ ನಂತರ ಹೋಗಿ, ಮೇಲ್ತಲೆ, ನಡು, ಕೆಳಬದಿ ಮೂರೂ ಕಡೆ ಬಂಡೆ ಸಿಗುವವರೆಗೆ ಅಗೆಸಿ, ಬಂಡೆಯ ಮೇಲಿನ ನಾಲ್ಕು ಬೆರಳಿನ ಮಣ್ಣಿನ ಬಣ್ಣವನ್ನು ನೋಡಿದ ಮೇಲೆಯೇ ಬೆಲೆಯ ಮಾತಾಡಬೇಕು.